ಕಾಲುವೆ ಕಾಯುವುದು ಯಾರನ್ನು?

ಬೆಂಗಳೂರಿನ ಜೆ.ಸಿ. ನಗರದಲ್ಲಿ ವಾಹನಗಳ ಗದ್ದಲದ ನಡುವೆ ಒಂದು ಕಲ್ಲಿನ ಕಂಬ ನಿಂತಿದೆ. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳದ ಸ್ಮಾರಕ ಅದು. ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಊರಿಗೆ ಮರಳದವರ ನೆನಪಿಗೆ ನಿಲ್ಲಿಸಿದ್ದು. ಈ ಪಡೆಯ ಮಾತು ಬಂದಾಗಲೆಲ್ಲ ನಾವು ಹೈಫಾ ನಗರವನ್ನು ನೆನೆಯುತ್ತೇವೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಮೈಸೂರಿನವರು ಆ ಊರನ್ನು ಗೆದ್ದ ಕಥೆ ಪ್ರಸಿದ್ಧ. ಆದರೆ ಅದಕ್ಕೂ ಸುಮಾರು ನಾಲ್ಕು ವರ್ಷ ಮೊದಲೇ, 1914ರ ಕೊನೆಯ ತಿಂಗಳುಗಳಲ್ಲಿ, ಅವರು ಕುದುರೆಗಳ ಸಮೇತ ಈಜಿಪ್ಟಿಗೆ ಬಂದಿಳಿದಿದ್ದರು. ಆಗ ಅವರಿಗೆ ವಹಿಸಿದ್ದ ಕೆಲಸ ಒಂದು ಕಾಲುವೆಯನ್ನು ಕಾಯುವುದು.

ನಮ್ಮ ಕಡೆ ನಾಲೆಯೆಂದರೆ ಗದ್ದೆ, ತೂಬು, ಸರದಿಯ ನೀರು, ನೀರಗಂಟಿ. ಹೆಚ್ಚೆಂದರೆ ರಾತ್ರಿ ತೂಬಿನ ಬಾಗಿಲ ಬಳಿ ಎರಡು ಊರಿನವರ ಜಗಳ. ಅದನ್ನು ಕೋಟೆಯ ಗೋಡೆಯಂತೆ ಬಳಸಬಹುದು, ಅದರ ದಡದಲ್ಲಿ ಸಾವಿರಾರು ಜನ ಬಂದೂಕು ಹಿಡಿದು ಕೂರಬಹುದು ಎಂಬುದು ಸುಲಭವಾಗಿ ಹೊಳೆಯುವ ಮಾತಲ್ಲ. ಆದರೂ ಇಪ್ಪತ್ತನೆಯ ಶತಮಾನದ ಹಲವು ಯುದ್ಧಗಳಲ್ಲಿ ಆದದ್ದು ಅದೇ. ನೀರಾವರಿಗೆ, ಹಡಗು ಸಾಗಣೆಗೆ ಅಗೆದ ಕಾಲುವೆಗಳು ಯುದ್ಧ ಬಂದೊಡನೆ ಕಂದಕಗಳಾದವು.

ನೀರು ಸೈನ್ಯವನ್ನು ತಡೆಯುವುದು ಹೇಗೆ? ಈಜು ಬಲ್ಲ ಒಬ್ಬ ಸೈನಿಕನಿಗೆ ನೂರಿನ್ನೂರು ಮೀಟರ್ ನೀರು ದೊಡ್ಡದಲ್ಲ. ಆದರೆ ಅವನ ಹಿಂದೆ ಫಿರಂಗಿ ಬರಬೇಕು, ಮದ್ದುಗುಂಡಿನ ಗಾಡಿ ಬರಬೇಕು, ಊಟ ಬರಬೇಕು, ಈಗಿನ ಕಾಲದಲ್ಲಾದರೆ ನಲವತ್ತು ಐವತ್ತು ಟನ್ ತೂಗುವ ಟ್ಯಾಂಕು ಬರಬೇಕು. ವಿಶೇಷ ಸಿದ್ಧತೆಯಿಲ್ಲದ ಟ್ಯಾಂಕು ಮೂರು ನಾಲ್ಕು ಅಡಿಗಿಂತ ಹೆಚ್ಚು ಆಳದ ನೀರಿಗೆ ಇಳಿಯಲಾರದು. ಹೊಳೆಯಾದರೆ ಎಲ್ಲೋ ಒಂದು ಕಡೆ ಕಾಲ್ದಾರಿ ಇರುತ್ತದೆ, ಮರಳ ದಿಬ್ಬವಿರುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಮೇಲೆ ಬಿದ್ದ ಇಂಗ್ಲಿಷರ ಸೈನ್ಯ ಬೇಸಿಗೆಯ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿತು. ಕೋಟೆ ಇನ್ನೊಂದು ತಿಂಗಳು ತಡೆದು ಮಳೆಗಾಲ ಹಿಡಿದಿದ್ದರೆ ಏನಾಗುತ್ತಿತ್ತೋ! ಮನುಷ್ಯ ಅಗೆದ ಕಾಲುವೆಯಲ್ಲಿ ಈ ಕಂಡಿಗಳಿಲ್ಲ. ಉದ್ದಕ್ಕೂ ಒಂದೇ ಆಳ, ಕಡಿದಾದ ದಡ. ನೇರವಾಗಿ ಹೋಗುವುದರಿಂದ ಒಂದು ಕಡೆ ಇಟ್ಟ ಮೆಷಿನ್ ಗನ್ನಿಗೆ ಬಹುದೂರದವರೆಗೆ ನೀರಿನ ಮೇಲ್ಮೈ ಕಾಣುತ್ತದೆ. ಅಗೆದ ಮಣ್ಣನ್ನು ದಡದ ಮೇಲೇ ಸುರಿದಿರುವುದರಿಂದ ಮರೆಯಲ್ಲಿ ಕೂರಲು ಏರಿಯೂ ಸಿದ್ಧ.

ಮರಳುಗಾಡು ದಾಟಿ ಬಂದ ದೋಣಿಗಳು

ಸೂಯೆಜ್ ಕಾಲುವೆ ಹಡಗುಗಳಿಗೆ ತೆರೆದದ್ದು 1869ರ ನವೆಂಬರ್ 17ರಂದು. ಯುದ್ಧವಿರಲಿ ಶಾಂತಿಯಿರಲಿ, ಅದು ಎಲ್ಲ ದೇಶಗಳ ಹಡಗುಗಳಿಗೂ ತೆರೆದಿರಬೇಕೆಂದು 1888ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಪ್ಪಂದವೂ ಆಗಿತ್ತು. 1914ರಲ್ಲಿ ತುರ್ಕಿ ಜರ್ಮನಿಯ ಪಕ್ಷ ಸೇರಿದ ಮೇಲೆ ಆ ಒಪ್ಪಂದ ಕಾಗದದಲ್ಲೇ ಉಳಿಯಿತು. ಭಾರತದಿಂದ, ಆಸ್ಟ್ರೇಲಿಯಾದಿಂದ, ನ್ಯೂಜಿಲೆಂಡಿನಿಂದ ಸೈನಿಕರನ್ನು ಹೊತ್ತ ಹಡಗುಗಳು ಯೂರೋಪಿಗೆ ಹೋಗಬೇಕಾದದ್ದು ಇದೇ ದಾರಿಯಲ್ಲಿ. ಅದನ್ನು ಕತ್ತರಿಸುವುದು ತುರ್ಕಿಗಳ ಗುರಿ.

ಬ್ರಿಟಿಷರು ಕಾಲುವೆಯ ಪಶ್ಚಿಮ ದಡದಲ್ಲಿ ಬೀಡುಬಿಟ್ಟರು. ಬೀಡುಬಿಟ್ಟವರಲ್ಲಿ ಹೆಚ್ಚಿನವರು ಭಾರತೀಯರು: ಪಂಜಾಬಿಗಳು, ರಜಪೂತರು, ಗೂರ್ಖಾಗಳು, ಬಿಕಾನೇರಿನ ಒಂಟೆ ಪಡೆ, ಹೈದರಾಬಾದು ಮೈಸೂರುಗಳ ಸವಾರರು. ಸುಮಾರು 160 ಕಿಲೋಮೀಟರ್ ಉದ್ದದ ಕಾಲುವೆಯನ್ನು ಇಡಿಯಾಗಿ ಕಾಯಬೇಕಾದ ಅಗತ್ಯವಿರಲಿಲ್ಲ. ನಡುವೆ ತಿಮ್ಸಾ ಸರೋವರ, ಕಹಿ ಸರೋವರಗಳು ಬರುತ್ತವೆ. ಅಲ್ಲಿ ಯುದ್ಧನೌಕೆಗಳನ್ನು ತಂದು ನಿಲ್ಲಿಸಿದರೆ ಅವೇ ತೇಲುವ ಫಿರಂಗಿ ಕೋಟೆಗಳು. ಉತ್ತರದ ತುದಿಯಲ್ಲಿ ಪೋರ್ಟ್ ಸಯೀದಿನ ಬಳಿ ದಡ ಕಡಿದು ಪೂರ್ವದ ತಗ್ಗು ಬಯಲಿಗೆ ನೀರು ನುಗ್ಗಿಸಿದರು. ಮರಳುಗಾಡಿನ ಅಂಚು ಕೆರೆಯಾಯಿತು, ಅಷ್ಟು ಭಾಗದ ಕಾವಲು ಉಳಿಯಿತು.

ಇನ್ನೊಂದು ಅನುಕೂಲವಿತ್ತು. ಅದು ನಕ್ಷೆ ನೋಡುವವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಸೂಯೆಜ್ ಕಾಲುವೆಯದು ಉಪ್ಪು ನೀರು, ಕುಡಿಯಲಾಗದು. ಅದನ್ನು ಅಗೆಯುವ ಕೂಲಿಗಳಿಗಾಗಿಯೇ ನೈಲ್ ನದಿಯಿಂದ ಒಂದು ಸಿಹಿನೀರಿನ ಕಾಲುವೆ ತಂದಿದ್ದರು. ಇಸ್ಮಾಯಿಲಿಯಾ, ಸೂಯೆಜ್ ನಗರಗಳು ಬದುಕುವುದು ಅದರಿಂದಲೇ. ಅದು ಹರಿಯುವುದು ದೊಡ್ಡ ಕಾಲುವೆಯ ಪಶ್ಚಿಮಕ್ಕೆ. ಎಂದರೆ ಕಾಯುವವರ ಬೆನ್ನಿಗೆ ಸಿಹಿನೀರು. ಏರಿಬರುವವರ ಬೆನ್ನಿಗೆ ಸಿನಾಯ್ ಮರಳುಗಾಡು.

ಆ ಮರಳುಗಾಡನ್ನು ದಾಟಿ ತುರ್ಕಿಗಳು ಬಂದೇಬಿಟ್ಟರು. ಜೆಮಾಲ್ ಪಾಷಾನ ನಾಯಕತ್ವ, ಕ್ರೆಸ್ ಫಾನ್ ಕ್ರೆಸೆನ್‌ಸ್ಟೈನ್ ಎಂಬ ಜರ್ಮನ್ ಅಧಿಕಾರಿಯ ಯೋಜನೆ. ಇಪ್ಪತ್ತು ಸಾವಿರ ಜನ, ಸಾವಿರಾರು ಒಂಟೆ, ಒಂಟೆಗಳ ಮೇಲೆ ನೀರು. ಹಗಲು ವಿಮಾನಗಳ ಕಣ್ಣಿಗೆ ಬೀಳಬಾರದೆಂದು ರಾತ್ರಿ ನಡಿಗೆ. ಜೊತೆಗೆ ಕಾಲುವೆ ದಾಟಲು ಕಬ್ಬಿಣದ ದೋಣಿಗಳನ್ನು ಮರಳ ಮೇಲೆ ಎಳೆದು ತಂದರು. ಮರಳುಗಾಡಿನಲ್ಲಿ ದೋಣಿ ಎಳೆಯುವ ಸೈನಿಕನ ಮನಸ್ಸಿನಲ್ಲಿ ಏನಿತ್ತೋ!

1915ರ ಫೆಬ್ರವರಿ 3ರ ಬೆಳಗಿನ ಜಾವ ತುಸ್ಸುಮ್ ಮತ್ತು ಸೆರಾಪಿಯಮ್ ಎಂಬ ಠಾಣೆಗಳ ನಡುವೆ ದೋಣಿಗಳು ನೀರಿಗಿಳಿದವು. ಎದುರು ದಡದಲ್ಲಿದ್ದ ಈಜಿಪ್ಟಿನ ಫಿರಂಗಿ ದಳಕ್ಕೆ, ಪಂಜಾಬಿ ಮತ್ತು ರಜಪೂತ ಸೈನಿಕರಿಗೆ ಸುಳಿವು ಸಿಕ್ಕಿತು. ದಡ ಮುಟ್ಟಿದ್ದು ಮೂರೇ ದೋಣಿ. ಅವುಗಳಲ್ಲಿದ್ದವರು ಸತ್ತರು ಇಲ್ಲವೇ ಸೆರೆಸಿಕ್ಕರು. ಬೆಳಕು ಹರಿದ ಮೇಲೆ ಸರೋವರದ ಯುದ್ಧನೌಕೆಗಳು ಬಾಯಿತೆರೆದವು. ಪೂರ್ವ ದಡದಲ್ಲಿ ಉಳಿದಿದ್ದ ದೋಣಿಗಳನ್ನು ಚಿಕ್ಕದೊಂದು ಟಾರ್ಪಿಡೋ ನೌಕೆ ಬಂದು ಒಡೆದುಹಾಕಿತು. ಮಾರನೆಯ ದಿನದ ಹೊತ್ತಿಗೆ ತುರ್ಕಿಗಳು ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಬ್ರಿಟಿಷರ ಕಡೆ ಸತ್ತವರು ಮೂವತ್ತು ಚಿಲ್ಲರೆ ಮಂದಿ. ತುರ್ಕಿಗಳ ಕಡೆ ಸತ್ತು, ಗಾಯಗೊಂಡು, ಸೆರೆಸಿಕ್ಕವರು ಸಾವಿರ ಮೀರಿದ್ದರು.

ಕಂದಕ ತನ್ನ ಕೆಲಸ ಮಾಡಿತ್ತು. ಆದರೆ ಅದೇ ವರ್ಷದ ಕೊನೆಗೆ ಈಜಿಪ್ಟಿಗೆ ಬಂದ ಬ್ರಿಟಿಷ್ ಯುದ್ಧಮಂತ್ರಿ ಕಿಚನರ್ ಅಲ್ಲಿನ ಸೇನಾಪತಿಗೆ ಒಂದು ಪ್ರಶ್ನೆ ಹಾಕಿದನೆಂದು ಹೇಳುತ್ತಾರೆ: ನೀವು ಕಾಲುವೆಯನ್ನು ಕಾಯುತ್ತಿದ್ದೀರೋ, ಕಾಲುವೆ ನಿಮ್ಮನ್ನು ಕಾಯುತ್ತಿದೆಯೋ?

ಕೊಂಕು ಮಾತೇ ಸರಿ, ಆದರೆ ಅದರಲ್ಲಿ ಹುರುಳಿತ್ತು. ಕಾಲುವೆ ಇದ್ದದ್ದು ಹಡಗುಗಳಿಗಾಗಿ. ಶತ್ರು ಪೂರ್ವ ದಡದವರೆಗೆ ಬಂದು ಫಿರಂಗಿ ಹೂಡಿದರೆ, ಅವನು ದಾಟದಿದ್ದರೂ ಹಡಗು ಸಂಚಾರ ನಿಂತುಹೋಗುತ್ತದೆ. ಕಾಯಬೇಕಾದ ವಸ್ತುವನ್ನೇ ಗೋಡೆ ಮಾಡಿಕೊಂಡರೆ ಮೊದಲ ಪೆಟ್ಟು ಬೀಳುವುದು ಆ ವಸ್ತುವಿಗೇ. 1916ರಲ್ಲಿ ಬ್ರಿಟಿಷರು ರಕ್ಷಣೆಯ ಸಾಲನ್ನು ಕಾಲುವೆಯಿಂದ ಹತ್ತು ಕಿಲೋಮೀಟರಿನಷ್ಟು ಪೂರ್ವಕ್ಕೆ, ಮರಳುಗಾಡಿನೊಳಕ್ಕೆ ತಳ್ಳಿದರು. ಆಮೇಲೆ ಸಿನಾಯ್ ಉದ್ದಕ್ಕೂ ರೈಲು ಹಳಿ ಹಾಕಿದರು, ಕೊಳವೆಯಲ್ಲಿ ನೈಲ್ ನದಿಯ ನೀರನ್ನು ಹಿಂದೆಯೇ ಒಯ್ದರು. ಮೈಸೂರಿನ ಸವಾರರು ಮುಂದೆ ಹೈಫಾದವರೆಗೆ ಹೋದದ್ದು ಹೀಗೆ ತೆರೆದ ದಾರಿಯಲ್ಲಿ.

ಲಾಹೋರಿನ ಹೊಸ್ತಿಲಲ್ಲಿ

ಭಾರತದ ಸೈನ್ಯ ಕಾಲುವೆಯೊಂದನ್ನು ಎದುರು ಕಡೆಯಿಂದ ನೋಡಬೇಕಾಗಿ ಬಂದದ್ದು ಐವತ್ತು ವರ್ಷದ ಬಳಿಕ, 1965ರಲ್ಲಿ, ಪಂಜಾಬಿನಲ್ಲಿ. ಅಲ್ಲಿನ ಇಚೋಗಿಲ್ ನಾಲೆ ಹುಟ್ಟಿದ್ದೇ ನೀರಿನ ಜಗಳದಿಂದ.

ದೇಶ ವಿಭಜನೆಯಾದಾಗ ನಾಲೆಗಳು ಪಾಕಿಸ್ತಾನಕ್ಕೆ, ಅವುಗಳ ಬಾಗಿಲು ಭಾರತಕ್ಕೆ ಎಂಬಂತೆ ಗಡಿಗೆರೆ ಹಾದುಹೋಯಿತು. 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬ್ ಸರ್ಕಾರ ಫಿರೋಜ್‌ಪುರ ಮತ್ತು ಮಾಧೋಪುರದ ಬಾಗಿಲುಗಳನ್ನು ಮುಚ್ಚಿತು. ಲಾಹೋರ್ ಸೀಮೆಯ ಬೆಳೆ ಬಾಯಿಬಿಟ್ಟಿತು. ಮೇ 4ರಂದು ದೆಹಲಿಯಲ್ಲಿ ಒಪ್ಪಂದವಾಗಿ ನೀರು ಮತ್ತೆ ಹರಿದರೂ ಹುಟ್ಟಿದ ಭಯ ಹೋಗಲಿಲ್ಲ. ಕಾವೇರಿಯ ದಡದಲ್ಲಿ ಬೆಳೆದ ನಮಗೆ ಆ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಪಾಕಿಸ್ತಾನ ಚಿನಾಬ್ ನದಿಯ ನೀರನ್ನು ರಾವಿ ನದಿಯ ತಳದಡಿಯಲ್ಲಿ ಹಾಯಿಸಿ, ಲಾಹೋರಿನ ಪೂರ್ವಕ್ಕೆ ತಂದು, ದೀಪಾಲ್‌ಪುರ ನಾಲೆಗೆ ಕೂಡಿಸಿತು. ಪಾಕಿಸ್ತಾನಿಗಳು ಅದನ್ನು ಬಿ.ಆರ್.ಬಿ. ನಾಲೆ ಎನ್ನುತ್ತಾರೆ. ನಾವು ಕರೆಯುವುದು ದಡದ ಒಂದು ಹಳ್ಳಿಯ ಹೆಸರಿನಿಂದ.

ನಾಲೆ ಹರಿದದ್ದು ಗಡಿಗೂ ಲಾಹೋರಿಗೂ ನಡುವೆ, ಗಡಿಗೆ ಹೆಚ್ಚು ಕಡಿಮೆ ಸಮಾನಾಂತರವಾಗಿ. ಸುಮಾರು 140 ಅಡಿ ಅಗಲ, 15 ಅಡಿ ಆಳ. ಪಶ್ಚಿಮದ ಏರಿ ಪೂರ್ವದ ಏರಿಗಿಂತ ಎತ್ತರ, ಅದರ ಮೇಲೆ ಕಾಂಕ್ರೀಟಿನ ಬಂಕರುಗಳು. ಯಾವ ರೈತನಿಗೂ ಏರಿಯ ಮೇಲೆ ಬಂಕರು ಬೇಕಿರುವುದಿಲ್ಲ. ಗದ್ದೆಯ ನೀರಿನ ಜೊತೆಗೆ ನಗರದ ಕಾವಲನ್ನೂ ಲೆಕ್ಕ ಹಾಕಿಯೇ ಕಟ್ಟಿದ್ದರು.

ಸೆಪ್ಟೆಂಬರ್ 6ರ ಮುಂಜಾನೆ ಭಾರತದ ಸೈನ್ಯ ಮೂರು ದಾರಿಗಳಲ್ಲಿ ಗಡಿ ದಾಟಿತು. ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಮುನ್ನುಗ್ಗಿದ 3 ಜಾಟ್ ಪಡೆ, ಲೆಫ್ಟಿನೆಂಟ್ ಕರ್ನಲ್ ಡೆಸ್ಮಂಡ್ ಹೇಡ್ ಅವರ ನೇತೃತ್ವದಲ್ಲಿ, ಮಧ್ಯಾಹ್ನಕ್ಕೆ ಮೊದಲೇ ಡೋಗ್ರಾಯ್ ಬಳಿ ನಾಲೆ ದಾಟಿ ಬಾಟಾ ಕಂಪೆನಿಯ ಕಾರ್ಖಾನೆಯಿದ್ದ ಬಾಟಾಪುರ ಮುಟ್ಟಿತು. ಪಾಕಿಸ್ತಾನದವರು ಆ ಹೊತ್ತಿಗೆ ಸೇತುವೆಗಳನ್ನೆಲ್ಲ ಒಡೆದು ಮುಗಿಸಿರಲಿಲ್ಲ. ಹಿಂದಿನಿಂದ ಟ್ಯಾಂಕು, ಫಿರಂಗಿ, ಮದ್ದುಗುಂಡು ಬಂದು ಸೇರಿದ್ದರೆ ಕಾಲೂರಬಹುದಿತ್ತು. ಬರಲಿಲ್ಲ. ಮುಂದಿನ ಪಡೆ ಎಷ್ಟು ದೂರ ಹೋಗಿದೆಯೆಂಬ ಸುದ್ದಿಯೂ ಹಿಂದಿನವರಿಗೆ ಸರಿಯಾಗಿ ಮುಟ್ಟಲಿಲ್ಲ. ಜಾಟರು ನಾಲೆಯ ಈಚೆಗೆ ಮರಳಿದರು. ನಂತರ ಸೇತುವೆಗಳು ಒಂದೊಂದಾಗಿ ಸಿಡಿದವು.

ಬಹುತೇಕ ಎಲ್ಲ ನಾಲೆ ಯುದ್ಧಗಳ ಗುಟ್ಟೂ ಇಲ್ಲಿದೆಯೆಂದು ನನಗನ್ನಿಸುತ್ತದೆ. ನಾಲೆಯಿದ್ದಲ್ಲಿ ಸೇತುವೆ ಇರಲೇಬೇಕು. ಒಂದು ದಡದಲ್ಲಿ ಮನೆ, ಇನ್ನೊಂದು ದಡದಲ್ಲಿ ಹೊಲ. ಯುದ್ಧ ಬಂದಾಗ ಆ ಸೇತುವೆಯನ್ನು ಯಾವ ಗಳಿಗೆಯಲ್ಲಿ ಒಡೆಯಬೇಕು? ಬೇಗ ಒಡೆದರೆ ಆಚೆ ದಡದ ನಿಮ್ಮದೇ ಜನ ಸಿಕ್ಕಿಬೀಳುತ್ತಾರೆ. ತಡಮಾಡಿದರೆ ಶತ್ರು ಅದರ ಮೇಲೇ ನಡೆದು ಬರುತ್ತಾನೆ. 1940ರ ಮೇ 10ರ ಮುಂಜಾನೆ ಬೆಲ್ಜಿಯಂನವರು ಇದೇ ಇಕ್ಕಟ್ಟಿನಲ್ಲಿದ್ದರು. ಅವರ ಆಲ್ಬರ್ಟ್ ಕಾಲುವೆಯ ಸೇತುವೆಗಳ ಬಳಿ ಸದ್ದಿಲ್ಲದ ಗ್ಲೈಡರುಗಳಲ್ಲಿ ಜರ್ಮನರು ಬಂದಿಳಿದರು. ಮೂರು ಸೇತುವೆಗಳ ಪೈಕಿ ಸಿಡಿದದ್ದು ಒಂದೇ. ಉಳಿದೆರಡು ಇಡಿಯಾಗಿ ಅವರ ಕೈಸೇರಿದವು. ಅಷ್ಟರಲ್ಲಿ ಕಾಲುವೆ ಅಗೆದ ಶ್ರಮವೆಲ್ಲ ನೀರುಪಾಲಾಯಿತು.

ಪಂಜಾಬಿನಲ್ಲಿ ಮೊದಲ ದಿನ ಕೈತಪ್ಪಿದ್ದಕ್ಕೆ ತೆತ್ತ ಬೆಲೆ ದೊಡ್ಡದು. ಬರ್ಕಿ ಎಂಬ ಹಳ್ಳಿಯನ್ನು ಸೆಪ್ಟೆಂಬರ್ 10ರ ರಾತ್ರಿ ರಕ್ತ ಹರಿಸಿ ಹಿಡಿಯಬೇಕಾಯಿತು. ಅಲ್ಲಿ ನಾಲೆಯ ಏರಿ ಬಿಟ್ಟು ಕದಲದೆ ಹೋರಾಡಿ ಸತ್ತ ಮೇಜರ್ ರಾಜಾ ಅಜೀಜ್ ಭಟ್ಟಿ ಅವರಿಗೆ ಪಾಕಿಸ್ತಾನ ತನ್ನ ಅತ್ಯುನ್ನತ ಪದಕ ನಿಶಾನ್-ಎ-ಹೈದರ್ ನೀಡಿತು. ಡೋಗ್ರಾಯ್ ಊರನ್ನು ಅದೇ 3 ಜಾಟ್ ಪಡೆ ಮತ್ತೆ ಗೆದ್ದದ್ದು ಸೆಪ್ಟೆಂಬರ್ 22ರಂದು, ಕೈಗೆ ಕೈ ಮಿಲಾಯಿಸಿದ ಕಾಳಗದಲ್ಲಿ. ಮರುದಿನ ಬೆಳಗಿನ ಜಾವ ಕದನವಿರಾಮ. ಹೇಡ್ ಅವರಿಗೆ ಮಹಾವೀರ ಚಕ್ರ ಬಂತು. ತಾಷ್ಕೆಂಟ್ ಒಪ್ಪಂದದ ಪ್ರಕಾರ ಡೋಗ್ರಾಯ್ ಮರಳಿ ಪಾಕಿಸ್ತಾನಕ್ಕೆ ಹೋಯಿತು.

ನೀರನ್ನು ಭಾರತವೂ ಬಳಸಿತು. ದಕ್ಷಿಣಕ್ಕೆ ಖೇಮ್‌ಕರಣ್ ಬಳಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಮುನ್ನುಗ್ಗಿದಾಗ ನಮ್ಮವರು ನೀರಾವರಿ ಕಾಲುವೆ ಒಡೆದು ಕಬ್ಬಿನ ಗದ್ದೆಗಳಿಗೆ ನೀರು ಬಿಟ್ಟರು. ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಟ್ಯಾಂಕುಗಳು ಕೆಸರಿನಲ್ಲಿ ಹೂತು ಗುರಿಹಲಗೆಗಳಾದವು. ಗೆಲುವಿನ ಕಥೆಯಲ್ಲಿ ಆ ಕಬ್ಬು ಯಾರದೆಂದು ಯಾರೂ ಕೇಳುವುದಿಲ್ಲ. ಯುದ್ಧದ ಬಳಿಕ ಭಾರತವೂ ಪಂಜಾಬಿನ ಗಡಿಯುದ್ದಕ್ಕೆ ಕಂದಕ ತೋಡಿ, ಪಕ್ಕದಲ್ಲೇ ಏರಿ ಎಬ್ಬಿಸಿ ಕಾವಲು ಕಟ್ಟಿತು.

ಮರಳಿನ ಗೋಡೆಗೆ ನೀರಿನ ಗರಗಸ

ಈಗ ಮತ್ತೆ ಸೂಯೆಜ್ ದಡಕ್ಕೆ. 1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಸಿನಾಯ್ ಗೆದ್ದು ಪೂರ್ವ ದಡಕ್ಕೆ ಬಂದು ಕೂತಿತು. ಕಾಲುವೆ ಮುಚ್ಚಿತು. ಹಾದುಹೋಗುತ್ತಿದ್ದ ಹಡಗುಗಳು ಎಂಟು ವರ್ಷ ಕಹಿ ಸರೋವರದಲ್ಲಿ ಮರಳು ಮೆತ್ತಿಸಿಕೊಂಡು ನಿಂತವು. ಹಡಗಿನ ದಾರಿ ಎಂಬ ಅರ್ಥ ಹೋಗಿ ಉಳಿದದ್ದು ಬರಿಯ ಕಂದಕ.

ಆ ಕಂದಕದ ಮೇಲೆ ಇಸ್ರೇಲ್ ಇಟ್ಟ ನಂಬಿಕೆ ಅಪಾರ. ಸುಮಾರು 180 ಮೀಟರ್ ನೀರು, ಅದರ ಪೂರ್ವಕ್ಕೆ ಕೆಲವೆಡೆ 20 ಮೀಟರ್ ಎತ್ತರಕ್ಕೆ ಒಟ್ಟಿದ ಮರಳಿನ ದಿಬ್ಬ, ನಡುನಡುವೆ ಭದ್ರ ಠಾಣೆಗಳು. ಸೇನಾ ಮುಖ್ಯಸ್ಥರಾಗಿದ್ದ ಹೈಮ್ ಬಾರ್ ಲೆವ್ ಅವರ ಹೆಸರಿನಿಂದ ಅದು ಬಾರ್ ಲೆವ್ ರೇಖೆಯಾಯಿತು. ಈಜಿಪ್ಟಿನವರು ಟ್ಯಾಂಕುಗಳನ್ನು ದಾಟಿಸಲು ಒಂದೆರಡು ದಿನವಾದರೂ ಬೇಕು, ಅಷ್ಟರಲ್ಲಿ ಮೀಸಲು ಸೈನ್ಯ ಬಂದು ಸೇರುತ್ತದೆ ಎಂಬ ಲೆಕ್ಕ. 1973ರ ಅಕ್ಟೋಬರಿನಲ್ಲಿ ಇಡೀ ಸಾಲಿನಲ್ಲಿದ್ದವರು ಐನೂರಕ್ಕಿಂತ ಕಡಿಮೆ. ಕಿಚನರನ ಪ್ರಶ್ನೆಯನ್ನು ಇಲ್ಲಿ ಯಾರಾದರೂ ಕೇಳಿದ್ದರೆ ಉತ್ತರ ಒಂದೇ ಇತ್ತು.

ಈಜಿಪ್ಟಿನ ತೊಂದರೆ ನೀರಲ್ಲ, ಮರಳು. ದೋಣಿ, ತೇಲುಸೇತುವೆಗಳಿಂದ ನೀರು ದಾಟಬಹುದು. ಆದರೆ ದಿಬ್ಬದಲ್ಲಿ ಟ್ಯಾಂಕು ನುಗ್ಗುವಷ್ಟು ಕಂಡಿ ಕೊರೆಯಲು ಸುಮಾರು 1500 ಘನ ಮೀಟರ್ ಮರಳು ತೆಗೆಯಬೇಕು. ಸಿಡಿಮದ್ದು ಇಟ್ಟರೆ ಮರಳು ಹಾರಿ ಅಲ್ಲೇ ಬೀಳುತ್ತದೆ. ಬುಲ್ಡೋಜರಿಗೆ ಹೊತ್ತು ಹಿಡಿಯುತ್ತದೆ. ಉಪಾಯ ಹೇಳಿದವರು ಬಾಕಿ ಜಕಿ ಯೂಸುಫ್ ಎಂಬ ಎಂಜಿನಿಯರ್ ಅಧಿಕಾರಿ. ಅವರು ಹಿಂದೆ ಆಸ್ವಾನ್ ಅಣೆಕಟ್ಟಿನ ಕೆಲಸದಲ್ಲಿದ್ದು, ರಭಸದ ನೀರಿನಿಂದ ಮರಳನ್ನು ಸರಿಸುವುದನ್ನು ಕಂಡಿದ್ದರು. ಕಾಲುವೆಯ ನೀರನ್ನೇ ಪಂಪಿನಲ್ಲಿ ಎಳೆದು ದಿಬ್ಬದ ಬುಡಕ್ಕೆ ಬಿಟ್ಟರೆ? ಮರಳು ಕರಗಿ ಕಾಲುವೆಗೇ ಜಾರುತ್ತದೆ. ಬ್ರಿಟನ್ನಿನಿಂದ, ಜರ್ಮನಿಯಿಂದ ನೂರಾರು ಪಂಪುಗಳು ಬಂದವು. ನೈಲ್ ಸೀಮೆಯ ಕಾಲುವೆಗಳ ದಡದಲ್ಲಿ ವರ್ಷಗಟ್ಟಲೆ ತಾಲೀಮು ನಡೆಯಿತು.

ಅಕ್ಟೋಬರ್ 6ರ ಮಧ್ಯಾಹ್ನ ಎರಡು ಗಂಟೆ. ಯಹೂದಿಗಳಿಗೆ ಯೋಮ್ ಕಿಪ್ಪುರ್ ಉಪವಾಸ, ಮುಸ್ಲಿಮರಿಗೆ ರಂಜಾನ್. ಸೂರ್ಯ ಪಶ್ಚಿಮಕ್ಕೆ ವಾಲಿ ಇಸ್ರೇಲಿಗಳ ಕಣ್ಣಿಗೆ ಹೊಡೆಯುವ ಹೊತ್ತು. ರಬ್ಬರ್ ದೋಣಿಗಳು ನೀರಿಗಿಳಿದವು, ಹಿಂದೆಯೇ ಪಂಪುಗಳು. ಕೆಲವೇ ಗಂಟೆಗಳಲ್ಲಿ ಹತ್ತಾರು ಕಂಡಿಗಳು ತೆರೆದುಕೊಂಡವು, ರಾತ್ರಿಯ ಹೊತ್ತಿಗೆ ತೇಲುಸೇತುವೆಗಳ ಮೇಲೆ ಟ್ಯಾಂಕುಗಳು ಸಾಲುಹಿಡಿದವು. ದಕ್ಷಿಣದಲ್ಲಿ ಮಾತ್ರ ಮರಳಿಗೆ ಜೇಡಿ ಬೆರೆತು ಕೆಸರಾಗಿ ಕೆಲಸ ತಡವಾಯಿತು. ದಾಟುವಾಗ ಸಾವಿರಗಟ್ಟಲೆ ಜನ ಸಾಯಬಹುದೆಂದು ಈಜಿಪ್ಟಿನವರೇ ಅಂದಾಜು ಮಾಡಿದ್ದರು. ಸತ್ತವರು ಕೆಲವು ನೂರು.

ಕಥೆ ಇಲ್ಲಿಗೆ ಮುಗಿದಿದ್ದರೆ ಈಜಿಪ್ಟಿನವರಿಗೆ ಚೆನ್ನಾಗಿತ್ತು. ಆದರೆ ದಾಟಿದ ಸೈನ್ಯದ ಬೆನ್ನಿಗೆ ಈಗ ಅದೇ ಕಾಲುವೆ ಇತ್ತು. ಈಜಿಪ್ಟಿನ ಎರಡನೆಯ ಮತ್ತು ಮೂರನೆಯ ಸೇನೆಗಳ ನಡುವೆ, ಕಹಿ ಸರೋವರದ ಉತ್ತರದಲ್ಲಿ, ಒಂದು ಸಂದು ಉಳಿದಿತ್ತು. ಅಕ್ಟೋಬರ್ 15ರ ರಾತ್ರಿ ಏರಿಯಲ್ ಶರೋನ್ ಅವರ ಪಡೆ ಅಲ್ಲಿಂದ ಪಶ್ಚಿಮಕ್ಕೆ ದಾಟಲು ತೊಡಗಿತು. ಎಂದಾದರೂ ಬೇಕಾದೀತೆಂದು ಶರೋನ್ ಯುದ್ಧಕ್ಕೆ ಮೊದಲೇ ಅಲ್ಲಿ ದಿಬ್ಬವನ್ನು ತೆಳುವಾಗಿಸಿ ಕೆಂಪು ಇಟ್ಟಿಗೆಯ ಗುರುತು ಇಡಿಸಿದ್ದರು. ಒಂದೇ ವಾರದಲ್ಲಿ ಇಸ್ರೇಲಿಗಳು ಸೂಯೆಜ್ ನಗರದವರೆಗೆ ಇಳಿದು ಪೂರ್ವ ದಡದ ಮೂರನೆಯ ಸೇನೆಯನ್ನು ಸುತ್ತುವರಿದರು. ಸಿಹಿನೀರಿನ ಕಾಲುವೆಯೂ ಅವರ ಕೈಗೆ ಬಂತು.

ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರು, ಕಣ್ಣೆದುರಿಗೆ ತುಂಬಿ ನಿಂತ ನೀಲಿ ಕಾಲುವೆ, ಕುಡಿಯಲು ನೀರಿಲ್ಲ. 1915ರಲ್ಲಿ ತುರ್ಕಿಗಳು ಒಂಟೆಯ ಮೇಲೆ ಹೊತ್ತು ತಂದದ್ದು ಯಾವುದನ್ನೋ ಅದಕ್ಕಾಗಿಯೇ ಈಗ ದೊಡ್ಡ ರಾಷ್ಟ್ರಗಳು ನಡುವೆ ಬರಬೇಕಾಯಿತು. ಕೈರೋ ರಸ್ತೆಯ 101ನೇ ಕಿಲೋಮೀಟರ್ ಕಲ್ಲಿನ ಬಳಿ ಡೇರೆ ಹಾಕಿ ಎರಡೂ ಕಡೆಯ ಸೇನಾಧಿಕಾರಿಗಳು ಮಾತಿಗೆ ಕೂತಾಗ ಚರ್ಚೆಯ ಮೊದಲ ವಿಷಯಗಳಲ್ಲಿ ಒಂದು, ಸುತ್ತುವರಿದ ಸೇನೆಗೆ ನೀರು ಆಹಾರ ಒಯ್ಯುವ ಲಾರಿಗಳದು. 1974ರ ಜನವರಿಯಲ್ಲಿ ಸೈನ್ಯಗಳನ್ನು ಬೇರ್ಪಡಿಸುವ ಒಪ್ಪಂದವಾಯಿತು. ಮುಳುಗಿದ ಹಡಗು, ಸಿಡಿಗುಂಡುಗಳನ್ನೆಲ್ಲ ತೆಗೆದು ಕಾಲುವೆಯನ್ನು ಹಡಗುಗಳಿಗೆ ಮತ್ತೆ ತೆರೆದದ್ದು 1975ರ ಜೂನ್ 5ರಂದು.

ತೇಲುಸೇತುವೆಗಳ ಕೆಲಸದ ನಡುವೆ ಅಕ್ಟೋಬರ್ 14ರಂದು ಸತ್ತವರಲ್ಲಿ ಅಹ್ಮದ್ ಹಮ್ದಿ ಎಂಬ ಎಂಜಿನಿಯರ್ ಜನರಲ್ ಒಬ್ಬರಿದ್ದರು. 1980ರ ದಶಕದ ಆರಂಭದಲ್ಲಿ ಸೂಯೆಜ್ ನಗರದ ಉತ್ತರಕ್ಕೆ ಕಾಲುವೆಯ ತಳದಡಿಯಲ್ಲಿ ಒಂದು ಸುರಂಗ ರಸ್ತೆ ಸಿದ್ಧವಾಯಿತು. ಅದಕ್ಕೆ ಅವರ ಹೆಸರಿಟ್ಟಿದ್ದಾರೆ. ಲಾರಿಗಳು, ಬಸ್ಸುಗಳು ಆ ದಾರಿಯಲ್ಲಿ ಸಿನಾಯ್ ಕಡೆಗೆ ಹೋಗುತ್ತವೆ. ಮೇಲೆ ಹಡಗುಗಳು ಸಾಗುತ್ತವೆ.